128ರ ಹಾಡನ್ನು 320ಕ್ಕೆ ಏರಿಸಿದರೆ ದನಿ ಸುಧಾರಿಸುತ್ತದೆಯೇ?

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಭಜನೆಗಳಲ್ಲಿ ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಏಕತಾರಿ, ತಾಳದೊಂದಿಗೆ ಇಂದಿಗೂ ಹಾಡುತ್ತಾರೆ. ಮೊಬೈಲ್‌ನಲ್ಲಿ ರೆಕಾರ್ಡ್ ಆದ ಇಂಥ ಪದಗಳನ್ನು ನಾವು ವಾಟ್ಸ್‌ಆ್ಯಪ್‌ನಲ್ಲಿ ಹಂಚಿಕೊಳ್ಳುತ್ತೇವೆ. ದನಿ ಮಸುಕಾಗಿದ್ದರೆ ಕನ್ವರ್ಟರ್ ಆ್ಯಪ್‌ನಲ್ಲಿ 320 ಕೆಬಿಪಿಎಸ್‌ಗೆ ಏರಿಸಿದರೆ ಸಾಕು ಎಂದು ಹಲವರು ನಂಬುತ್ತಾರೆ. ಇದು ನಿಜವಲ್ಲ.

ಬಿಟ್‌ರೇಟ್ ಎಂದರೇನು?

ಒಂದು ಸೆಕೆಂಡಿನ ದನಿಗೆ ಬಳಸುವ ಮಾಹಿತಿಯ ಪ್ರಮಾಣವೇ ಬಿಟ್‌ರೇಟ್. ಆಡಿಯೊ ಸಿಡಿಯಲ್ಲಿ ಅದು 1,411 ಕಿಲೋಬಿಟ್. 128 ಕೆಬಿಪಿಎಸ್ ಎಂಪಿ3ಯಲ್ಲಿ ಉಳಿಯುವುದು ಅದರ 11ರಲ್ಲಿ 1 ಪಾಲು ಮಾತ್ರ. ದೊಡ್ಡ ಸದ್ದಿನ ಮರೆಯಲ್ಲಿ ಕಿವಿಗೆ ಬೀಳದ ಸಣ್ಣ ಸದ್ದುಗಳ ವಿವರವನ್ನು ಎಂಪಿ3 ಕೈಬಿಡುತ್ತದೆ. ಬಿಟ್‌ರೇಟ್ ತೀರಾ ಇಳಿದರೆ ಕಿವಿಗೆ ಬೀಳುವ ವಿವರಗಳೂ ಹೋಗುತ್ತವೆ. ತಾಳದ ಝೇಂಕಾರ ಒಡೆದಂತೆ ಕೇಳಿಸುತ್ತದೆ.

ಏರಿಸಿದರೆ ಏನಾಗುತ್ತದೆ?

1 ನಿಮಿಷದ ಫೈಲ್ ಸುಮಾರು 1 ಎಂಬಿಯಿಂದ 2.4 ಎಂಬಿಗೆ ಉಬ್ಬುತ್ತದೆ, ಅಷ್ಟೇ. ಮಜ್ಜಿಗೆಗೆ ನೀರು ಬೆರೆಸಿದರೆ ಚರಿಗೆ ತುಂಬುತ್ತದೆ, ಬೆಣ್ಣೆ ಹೆಚ್ಚುವುದಿಲ್ಲ. ಪ್ರತಿ ಸಲ ಎಂಪಿ3ಗೆ ಬದಲಿಸಿದಾಗಲೂ ಇನ್ನಷ್ಟು ವಿವರ ಕಳೆಯಬಹುದು.

ದೊಡ್ಡ ಸಂಖ್ಯೆಯೇ ಉತ್ತಮವೇ?

ಯಾವಾಗಲೂ ಅಲ್ಲ. ಎಎಸಿ, ಓಪಸ್ ಮಾದರಿಗಳು ಕಡಿಮೆ ಬಿಟ್‌ರೇಟ್‌ನಲ್ಲೂ ಎಂಪಿ3ಗಿಂತ ಚೆನ್ನಾಗಿ ಕೇಳಿಸುತ್ತವೆ.

ಹಾಗಾದರೆ ಏನು ಮಾಡಬೇಕು?

ಹಾಡನ್ನು ವಾಯ್ಸ್ ಮೆಸೇಜ್ ಆಗಿ ಹಿಡಿಯಬೇಡಿ. ಅದು ಮಾತಿಗೆ ಸಾಕು, ಸಂಗೀತಕ್ಕಲ್ಲ. ರೆಕಾರ್ಡರ್ ಆ್ಯಪ್‌ನಲ್ಲಿ ಹೆಚ್ಚಿನ ಗುಣಮಟ್ಟ ಆರಿಸಿ ರೆಕಾರ್ಡ್ ಮಾಡಿ. ಕಳಿಸುವಾಗ ‘ಡಾಕ್ಯುಮೆಂಟ್’ ಆಗಿ ಕಳಿಸಿ, ಮೂಲ ಫೈಲ್ ಅಳಿಸದೆ ಇಟ್ಟುಕೊಳ್ಳಿ. ಹಾಡಿದ ಹಿರಿಯರು ನಾಳೆ ಇಲ್ಲದಿದ್ದರೆ ಉಳಿಯುವುದು ಆ ಫೈಲ್ ಮಾತ್ರ.