ಮಹಾಪಧಮನಿಯ ಉಬ್ಬು: ಹುಡುಕಬೇಕೆ, ಬೇಡವೆ?

ಸೈಕಲ್ಲಿನ ಹಳೆಯ ಟ್ಯೂಬಿಗೆ ಗಾಳಿ ತುಂಬುವುದನ್ನು ನೋಡದವರಾರು? ರಬ್ಬರು ಸವೆದ ಒಂದೆಡೆ ಗುಳ್ಳೆಯೊಂದು ಏಳುತ್ತದೆ. ಮತ್ತಷ್ಟು ಗಾಳಿ ತುಂಬಿದರೆ ಬೆಳೆಯುವುದು ಆ ಗುಳ್ಳೆಯೇ. ಕೊನೆಗೆ ಒಡೆಯುವುದೂ ಅಲ್ಲಿಯೇ. ಮನುಷ್ಯನ ಹೊಟ್ಟೆಯಲ್ಲಿಯೂ ಇಂಥದೊಂದು ಗುಳ್ಳೆ ಏಳಬಹುದೆಂಬುದನ್ನು ಬಲ್ಲವರು ಮಾತ್ರ ಕಡಿಮೆ.

ಹೃದಯದಿಂದ ಹೊರಟ ರಕ್ತವನ್ನು ದೇಹಕ್ಕೆಲ್ಲ ಒಯ್ಯುವ ಹೆದ್ದಾರಿಯೇ ಮಹಾಪಧಮನಿ. ಬೆನ್ನೆಲುಬಿನ ಮುಂಭಾಗದಲ್ಲಿ ಇಳಿದು ಬರುವ ಈ ನಾಳವು ಹೊಕ್ಕುಳಿನ ಮಟ್ಟದಲ್ಲಿ ಎರಡಾಗಿ ಕವಲೊಡೆಯುತ್ತದೆ. ಹೊಟ್ಟೆಯಲ್ಲಿ ಇದರ ವ್ಯಾಸ ಸುಮಾರು 2 ಸೆಂಟಿಮೀಟರು. ಮುಪ್ಪು, ಧೂಮಪಾನ, ಏರಿದ ರಕ್ತದೊತ್ತಡ, ವಂಶದ ಗುಣ ಇವುಗಳಿಂದ ಗೋಡೆ ಬಲಗುಂದಿ ಉಬ್ಬತೊಡಗುವುದುಂಟು. ವ್ಯಾಸವು 3 ಸೆಂಟಿಮೀಟರು ಮುಟ್ಟಿತೆಂದರೆ ವೈದ್ಯರು ಅದನ್ನು ಅನ್ಯೂರಿಸಂ ಎನ್ನುತ್ತಾರೆ.

ಇಲ್ಲಿ ಭೌತಶಾಸ್ತ್ರದ ನಿಯಮವೊಂದು ಕೆಲಸ ಮಾಡುತ್ತದೆ. ಫ್ರೆಂಚ್ ಗಣಿತಜ್ಞ ಲಾಪ್ಲಾಸನ ಹೆಸರಿನ ಈ ನಿಯಮದಂತೆ, ನಾಳದ ಗೋಡೆಯ ಬಿಗಿತವು ಒಳಗಿನ ಒತ್ತಡ ಹಾಗೂ ತ್ರಿಜ್ಯಗಳ ಗುಣಲಬ್ಧಕ್ಕೆ ಸಮ. ರಕ್ತದೊತ್ತಡ ಬದಲಾಗದಿದ್ದರೂ, 2 ಸೆಂಟಿಮೀಟರಿನ ನಾಳವು 5.5ಕ್ಕೆ ಹಿಗ್ಗಿದಾಗ ಗೋಡೆಯ ಬಿಗಿತ 2.75 ಪಟ್ಟಾಗುತ್ತದೆ. ಹಿಗ್ಗಿದಂತೆಲ್ಲ ಬಿಗಿತ ಹೆಚ್ಚು; ಬಿಗಿತ ಹೆಚ್ಚಿದಂತೆಲ್ಲ ಹಿಗ್ಗುವುದೂ ಹೆಚ್ಚು. ಇಷ್ಟಾದರೂ ಬಹುಮಂದಿಗೆ ನೋವೇ ಇರುವುದಿಲ್ಲ. ಒಡೆದರೆ ಮಾತ್ರ ಹತ್ತರಲ್ಲಿ ಸುಮಾರು ಎಂಟು ಮಂದಿ ಬದುಕುವುದಿಲ್ಲ. ಆಲ್ಬರ್ಟ್ ಐನ್‌ಸ್ಟೈನರ ಹೊಟ್ಟೆಯಲ್ಲಿದ್ದ ಇಂಥ ಉಬ್ಬಿಗೆ 1948ರಲ್ಲಿ ಶಸ್ತ್ರವೈದ್ಯ ರುಡಾಲ್ಫ್ ನಿಸ್ಸೆನ್ ಸೆಲೊಫೇನ್ ಹಾಳೆ ಸುತ್ತಿದ್ದರು. 1955ರ ಏಪ್ರಿಲಿನಲ್ಲಿ ಅದು ಒಡೆದು ಆ ಮಹಾವಿಜ್ಞಾನಿ ತೀರಿಕೊಂಡರು.

ನೋವೇ ಇಲ್ಲದ್ದನ್ನು ಕಾಣುವುದು ಹೇಗೆ? ಶ್ರವಣಾತೀತ ಧ್ವನಿಯಿಂದ, ಜನರು ಸ್ಕ್ಯಾನಿಂಗ್ ಎನ್ನುವುದು ಇದನ್ನೇ. ಹುಬ್ಬಳ್ಳಿಯಲ್ಲಿ 1957ರಲ್ಲಿ ಕರ್ನಾಟಕ ವೈದ್ಯಕೀಯ ಮಹಾವಿದ್ಯಾಲಯ ಆರಂಭವಾದಾಗ ಈ ವಿದ್ಯೆ ಇನ್ನೂ ಎಳೆಗೂಸು. ಗ್ಲಾಸ್ಗೋದ ಇಯಾನ್ ಡೊನಾಲ್ಡರು ಹೊಟ್ಟೆಯೊಳಗಿನ ಧ್ವನಿಚಿತ್ರಗಳನ್ನು ಪ್ರಕಟಿಸಿದ್ದು ಮರುವರ್ಷ. ಮೃದು ಅಂಗಾಂಶದಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1,540 ಮೀಟರು. 10 ಸೆಂಟಿಮೀಟರು ಆಳದ ಗೋಡೆಗೆ ಬಡಿದ ಪ್ರತಿಧ್ವನಿ ಸೆಕೆಂಡಿನ ಲಕ್ಷದಲ್ಲಿ 13 ಭಾಗದಷ್ಟು ಕಾಲದಲ್ಲಿ ಮರಳುತ್ತದೆ. ಎದುರುಬದುರಿನ ಗೋಡೆಗಳ ಪ್ರತಿಧ್ವನಿಗಳ ನಡುವಿನ ಅಂತರದಿಂದ ವ್ಯಾಸ ತಿಳಿಯುತ್ತದೆ. ಕೆಲವೇ ನಿಮಿಷಗಳ ಕೆಲಸ, ಸೂಜಿಯಿಲ್ಲ, ನೋವಿಲ್ಲ.

ಹಾಗಾದರೆ ಮುದುಕರೆಲ್ಲರನ್ನೂ ಅಳೆದುಬಿಡಬಾರದೇಕೆ? ಈ ಪ್ರಶ್ನೆಗೆ ಇಂಗ್ಲೆಂಡಿನಲ್ಲಿ ಲೆಕ್ಕ ಹಾಕಿಯೇ ಉತ್ತರ ಹುಡುಕಿದರು. 65ರಿಂದ 74 ವಯಸ್ಸಿನ ಸುಮಾರು 67,800 ಗಂಡಸರನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಮಾತ್ರ ತಪಾಸಣೆಯ ಕರೆ ಕಳುಹಿಸಿದರು. 2002ರಲ್ಲಿ ಫಲಿತಾಂಶ ಹೊರಬಿದ್ದಿತು: ಸುಮಾರು ನಾಲ್ಕು ವರ್ಷಗಳಲ್ಲಿ ಕರೆ ಹೋಗದ ಪಾಲಿನಲ್ಲಿ ಈ ರೋಗದಿಂದ ಸತ್ತವರು 113, ಕರೆ ಹೋದ ಪಾಲಿನಲ್ಲಿ 65. ಉಳಿದದ್ದು 48 ಜೀವ. ಎಂದರೆ ಸುಮಾರು 700 ಕರೆಗಳಿಗೆ ಒಂದು ಜೀವ. 2009ರಿಂದ ಅಲ್ಲಿ 65 ತುಂಬುವ ಗಂಡಸರಿಗೆ ಒಮ್ಮೆ ಕರೆ ಹೋಗುತ್ತದೆ. ಸಣ್ಣ ಉಬ್ಬನ್ನು ಆಗಾಗ ಅಳೆಯುತ್ತ ಕಾಯುತ್ತಾರೆ, 5.5 ಸೆಂಟಿಮೀಟರು ದಾಟಿದರೆ ಶಸ್ತ್ರವೈದ್ಯರಲ್ಲಿಗೆ ಕಳುಹಿಸುತ್ತಾರೆ. ಆದರೆ ಧೂಮಪಾನ ಇಳಿದಂತೆ ಅಲ್ಲಿ ಉಬ್ಬುಗಳೂ ವಿರಳವಾಗಿವೆ. ಅವು ವಿರಳವಾದಷ್ಟೂ ಒಂದು ಜೀವಕ್ಕೆ ಬೇಕಾಗುವ ಕರೆಗಳು ಹೆಚ್ಚುತ್ತವೆ.

ನಮ್ಮ ದೇಶದಲ್ಲಿ 30 ದಾಟಿದವರಿಗೆ ರಕ್ತದೊತ್ತಡ, ಸಕ್ಕರೆ ರೋಗ ಹಾಗೂ ಕೆಲವು ಕ್ಯಾನ್ಸರುಗಳ ಸಾರ್ವತ್ರಿಕ ತಪಾಸಣೆ ಉಂಟು. ಈ ಉಬ್ಬಿಗೆ ಇಲ್ಲ. ಭ್ರೂಣದ ಲಿಂಗ ಪತ್ತೆಯನ್ನು ತಡೆಯಲು 1994ರಲ್ಲಿ ಆದ ಕಾನೂನಿನಿಂದಾಗಿ ಸ್ಕ್ಯಾನಿಂಗ್ ಯಂತ್ರವನ್ನು ಮನಬಂದ ಹಳ್ಳಿಗೆ ಒಯ್ಯುವಂತೆಯೂ ಇಲ್ಲ. ಅದು ಇರಲೇಬೇಕಾದ ಕಟ್ಟು. ಮೇಲಾಗಿ, ಉಬ್ಬು ಕಂಡವನಿಗೆ ಮುಂದಿನ ಅಳತೆ, ಶಸ್ತ್ರಚಿಕಿತ್ಸೆಗಳ ಏರ್ಪಾಡಿಲ್ಲದಿದ್ದರೆ ನಾವು ಕೊಟ್ಟದ್ದು ಭಯವೊಂದೇ. ಶಸ್ತ್ರಚಿಕಿತ್ಸೆಯೂ ಅಪಾಯದಿಂದ ಮುಕ್ತವಲ್ಲ.

ಆದುದರಿಂದ ಎಲ್ಲರನ್ನೂ ಹುಡುಕಲು ಹೊರಡುವುದಕ್ಕಿಂತ, ಅಪಾಯ ಹೆಚ್ಚಿದ್ದವರನ್ನು ಬಿಡದಿರುವುದೇ ನಮಗೆ ಸದ್ಯಕ್ಕೆ ಸರಿಯಾದ ದಾರಿಯೆಂದು ತೋರುತ್ತದೆ. ನಿಪ್ಪಾಣಿಯ ತಂಬಾಕಿಗೆ ನೆರೆಯಾದ ನಮ್ಮ ಸೀಮೆಯಲ್ಲಿ ಬೀಡಿ ಹೊಸದಲ್ಲ. ಹುಬ್ಬಳ್ಳಿ-ಧಾರವಾಡಗಳಲ್ಲಿ ಮೂತ್ರದ ಕಲ್ಲಿಗೆಂದೋ ಪ್ರಾಸ್ಟೇಟಿಗೆಂದೋ ಹಿರಿಯರು ಸ್ಕ್ಯಾನಿಂಗಿಗೆ ಹೋಗುತ್ತಲೇ ಇರುತ್ತಾರೆ. ಅವರು 65 ದಾಟಿದ, ಬೀಡಿ ಸಿಗರೇಟು ಸೇದಿದ ಗಂಡಸರಾಗಿದ್ದರೆ, ಇಲ್ಲವೆ ಅವರ ತಂದೆಗೋ ಅಣ್ಣತಮ್ಮಂದಿರಿಗೋ ಈ ಉಬ್ಬು ಇದ್ದಿದ್ದರೆ, “ಮಹಾಪಧಮನಿಯನ್ನೂ ಅಳೆದು ನೋಡುವಿರಾ?” ಎಂದು ವೈದ್ಯರನ್ನು ಕೇಳಬೇಕು. ಅಂಥವರಿಗೆ ಹೊಟ್ಟೆಯಲ್ಲಿಯೋ ಬೆನ್ನಿನಲ್ಲಿಯೋ ಹಠಾತ್ತನೆ ಭಯಂಕರ ನೋವೆದ್ದರೆ, ವಾಯುವೆಂದು ಮನೆಮದ್ದು ಮಾಡುತ್ತ ಕೂಡದೆ ತಕ್ಷಣ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಬೀಡಿಯನ್ನು ಬಿಡುವುದಂತೂ ಯಾವ ಯಂತ್ರವನ್ನೂ ಕಾಯಬೇಕಾಗಿಲ್ಲ.