ತೇಲಾಡುವ ನಾದದ ಗುಟ್ಟು

ಕೆಲವು ತಿಂಗಳ ಹಿಂದೆ, ಪ್ರಯೋಗಶಾಲೆಯ ಕೆಲಸ ಮುಗಿದ ಮೇಲೆ, ಬಿ.ಎಸ್‌ಸಿ. ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬನು ತನ್ನ ಫೋನಿನಲ್ಲಿದ್ದ ಒಂದು ಹಾಡನ್ನು ನನಗೆ ಕೇಳಿಸಿದನು. ಗಿಟಾರಿನ ನಾದವು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಸುಳಿದಾಡುತ್ತಿತ್ತು. ಗಾಯಕನ ದನಿ ನೀರಿನಡಿಯಿಂದ ಬಂದಂತಿತ್ತು. ತಲೆಯ ಮೇಲೆ ವಿಮಾನವೊಂದು ಹಾದುಹೋಗುವಂತೆ ಒಂದು ವಿಚಿತ್ರ ಸದ್ದು ಏರಿ ಇಳಿಯುತ್ತಿತ್ತು. ಅದು ಆಸ್ಟ್ರೇಲಿಯದ ಪರ್ತ್ ನಗರದ ‘ಟೇಮ್ ಇಂಪಾಲಾ’ ಎಂಬ ಹೆಸರಿನಲ್ಲಿ ಹೊರಬಂದ ಹಾಡು.

“ಸಾರ್, ಇದನ್ನು ಪೂರ್ತಿಯಾಗಿ ಸವಿಯಬೇಕಾದರೆ ಅಮಲು ಪದಾರ್ಥ ಸೇವಿಸಿರಬೇಕಂತೆ. ಹಾಸ್ಟೆಲಿನಲ್ಲಿ ಹಾಗೆ ಹೇಳುತ್ತಾರೆ. ನಿಜವೆ?” ಎಂದು ಅವನು ಅಳುಕುತ್ತಲೇ ಕೇಳಿದನು.

“ಛೆ, ಅದೆಲ್ಲ ಕಂಪ್ಯೂಟರಿನ ಚಮತ್ಕಾರ” ಎಂದು ಹೇಳಿ ಅವನನ್ನು ಕಳುಹಿಸಿಬಿಟ್ಟೆ. ಮನೆಗೆ ಬಂದು ಯೋಚಿಸಿದಾಗ ನನ್ನ ಉತ್ತರವೂ ತಪ್ಪೆಂದು ತಿಳಿಯಿತು. ಈ ನಾದವು ರೂಪುಗೊಂಡದ್ದು ೧೯೬೬ರ ಸುಮಾರಿನಲ್ಲಿ; ಧ್ವನಿಮುದ್ರಣದ ಕೆಲಸಕ್ಕೆ ಕಂಪ್ಯೂಟರು ಬರುವುದಕ್ಕೆ ಎಷ್ಟೋ ಮೊದಲು. ಆ ಹುಡುಗನಿಗೆ ಸಲ್ಲಬೇಕಾಗಿದ್ದ ಪೂರ್ಣ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಬಗೆಯ ಸಂಗೀತಕ್ಕೆ ‘ಸೈಕೆಡೆಲಿಕ್’ ಎಂದು ಹೆಸರು. ಈ ಶಬ್ದವನ್ನು ೧೯೫೦ರ ದಶಕದಲ್ಲಿ ಟಂಕಿಸಿದವನು ಹಂಫ್ರಿ ಆಸ್ಮಂಡ್ ಎಂಬ ಮನೋವೈದ್ಯ. ‘ಮನಸ್ಸು’ ಮತ್ತು ‘ಪ್ರಕಟವಾದ’ ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಕೂಡಿಸಿ, ಎಲ್.ಎಸ್.ಡಿ. ಮೊದಲಾದ ರಾಸಾಯನಿಕಗಳ ಪರಿಣಾಮವನ್ನು ಆತನು ಹೀಗೆ ಕರೆದನು. ಅರವತ್ತರ ದಶಕದ ಕೆಲವು ಸಂಗೀತಗಾರರು ಅದನ್ನು ಸೇವಿಸಿದ್ದುದೂ ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಆ ನಾದ ಮೂಡಿದ್ದು ಯಾರ ರಕ್ತದಲ್ಲಿಯೂ ಅಲ್ಲ. ಅದು ಮೂಡಿದ್ದು ಸುತ್ತುವ ಟೇಪುಗಳಲ್ಲಿ, ಎಚ್ಚರದಿಂದ ಕುಳಿತು ಕೆಲಸ ಮಾಡುತ್ತಿದ್ದ ತಂತ್ರಜ್ಞರ ಕೈಯಲ್ಲಿ.

ಲಂಡನ್ನಿನ ಅಬೀ ರೋಡಿನಲ್ಲಿದ್ದ ಇ.ಎಂ.ಐ. ಧ್ವನಿಮುದ್ರಣಾಲಯವನ್ನು ನೆನೆಯೋಣ. ಗಾಯಕನ ದನಿಗೆ ತುಂಬು ಬರಲೆಂದು ಒಂದೇ ಹಾಡನ್ನು ಎರಡು ಸಲ ಹಾಡಿಸಿ ಕೂಡಿಸುವುದು ಆಗಿನ ವಾಡಿಕೆ. ಬೀಟಲ್ಸ್ ತಂಡದ ಜಾನ್ ಲೆನನ್ನನಿಗೆ ಈ ಶ್ರಮ ಬೇಸರ ತರುತ್ತಿತ್ತು. ಆಗ, ೧೯೬೬ರಲ್ಲಿ, ಕೆನ್ ಟೌನ್‌ಸೆಂಡ್ ಎಂಬ ಇಂಜಿನಿಯರು ಒಂದು ಉಪಾಯ ಹೂಡಿದನು: ಹಾಡಿದ ದನಿಯನ್ನು ಎರಡನೆಯ ಟೇಪ್ ಯಂತ್ರದ ಮೂಲಕ ಹಾಯಿಸಿ, ಸೆಕೆಂಡಿನ ಅತ್ಯಲ್ಪ ಭಾಗದಷ್ಟು ಹೆಚ್ಚುಕಡಮೆ ಮಾಡಿ, ಮೂಲ ದನಿಯೊಡನೆ ಬೆರೆಸುವುದು. ಎರಡನೆಯ ಯಂತ್ರದ ವೇಗವನ್ನು ತುಸು ಏರಿಳಿಸಿದರೆ ಆ ಅಂತರವೂ ಏರಿಳಿಯುತ್ತದೆ. ಒಬ್ಬನು ಇಬ್ಬರಾದನು!

ಈ ಅಂತರವನ್ನು ಇನ್ನೂ ಕಿರಿದುಗೊಳಿಸಿದರೆ ಏನಾಗುವುದು? ಇಲ್ಲಿಯೇ ಭೌತಶಾಸ್ತ್ರದ ಸ್ವಾರಸ್ಯವಿರುವುದು. ಒಂದೇ ಶಬ್ದದ ಎರಡು ಪ್ರತಿಗಳಲ್ಲಿ ಒಂದು ಇನ್ನೊಂದಕ್ಕಿಂತ ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಹಿಂದೆ ಬಿದ್ದಿದೆಯೆಂದು ಭಾವಿಸಿರಿ. ಸೆಕೆಂಡಿಗೆ ೫೦೦ ಸಲ ಕಂಪಿಸುವ ಸ್ವರಕ್ಕೆ ಒಂದು ಪೂರ್ಣ ಕಂಪನವಾಗಲು ಸಾವಿರದ ಎರಡು ಪಾಲಿನಷ್ಟು ಕಾಲ ಬೇಕು. ಆದುದರಿಂದ ಮೊದಲ ಪ್ರತಿಯ ಅಲೆಯ ತಗ್ಗು ಬರುವ ಹೊತ್ತಿಗೆ ಎರಡನೆಯದರ ಉಬ್ಬು ಬಂದು ಸೇರುತ್ತದೆ. ಎರಡೂ ಸಮಬಲದವಾದರೆ ಒಂದನ್ನೊಂದು ಅಳಿಸಿಹಾಕುತ್ತವೆ. ೧೫೦೦, ೨೫೦೦ ಕಂಪನಗಳ ಸ್ವರಗಳಿಗೂ ಇದೇ ಗತಿ. ೧೦೦೦, ೨೦೦೦ ಕಂಪನಗಳಲ್ಲಾದರೋ ಉಬ್ಬಿಗೆ ಉಬ್ಬು ಕೂಡಿ ಶಬ್ದ ಬಲಗೊಳ್ಳುತ್ತದೆ. ನೀವು ತರಗತಿಯಲ್ಲಿ ಬೆಳಕಿನ ವಿಷಯದಲ್ಲಿ ಕಲಿತ ವ್ಯತಿಕರಣವೇ ಇದು. ಯಾವ ಸ್ವರ ಉಳಿಯಿತು, ಯಾವುದು ಅಳಿಯಿತು ಎಂದು ನಕ್ಷೆ ಬರೆದರೆ ಅದು ಬಾಚಣಿಗೆಯ ಹಲ್ಲುಗಳಂತೆ ಕಾಣುತ್ತದೆ. ಅದಕ್ಕಾಗಿ ಇದನ್ನು ‘ಬಾಚಣಿಗೆ ಶೋಧಕ’ ಎನ್ನಬಹುದು.

ಅಂತರವು ಸಾವಿರದ ಎರಡು ಪಾಲಿಗೆ ಏರಿದರೆ ಅಳಿಯುವ ಸ್ವರಗಳು ೨೫೦, ೭೫೦, ೧೨೫೦ ಎಂದು ಕೆಳಗಿಳಿಯುತ್ತವೆ. ಹೀಗೆ ಬಾಚಣಿಗೆಯು ಹಾಡಿನುದ್ದಕ್ಕೂ ಮೇಲೆ ಕೆಳಗೆ ಸರಿದಾಗ ಹುಟ್ಟುವುದೇ ಆ ‘ವಿಮಾನದ ಸದ್ದು’. ಟೇಪು ಸುತ್ತಿದ ಚಕ್ರದ ಅಂಚನ್ನು ಬೆರಳಿನಿಂದ ಒತ್ತಿ ಅದರ ವೇಗ ತಗ್ಗಿಸುತ್ತಿದ್ದರು. ಆ ಅಂಚಿಗೆ ಇಂಗ್ಲಿಷಿನಲ್ಲಿ ‘ಫ್ಲ್ಯಾಂಜ್’ ಎನ್ನುವುದರಿಂದ ಈ ತಂತ್ರಕ್ಕೆ ಫ್ಲ್ಯಾಂಜಿಂಗ್ ಎಂಬ ಹೆಸರು ನಿಂತಿತು. ೧೯೬೭ರಲ್ಲಿ ಸ್ಮಾಲ್ ಫೇಸಸ್ ತಂಡದ ‘ಇಚಿಕೂ ಪಾರ್ಕ್’ ಎಂಬ ಹಾಡು ಇದನ್ನು ಜನಪ್ರಿಯಗೊಳಿಸಿತು.

ಇದನ್ನು ನಂಬಲು ಟೇಪ್ ಯಂತ್ರವೇ ಬೇಕೆಂದಿಲ್ಲ. ನಿಲ್ದಾಣ ಸಿಗದೆ ಬರಿದೆ ‘ಭುಸ್’ ಎನ್ನುತ್ತಿರುವ ರೇಡಿಯೋ ಇಲ್ಲವೆ ಜೋರಾಗಿ ಸುರಿಯುತ್ತಿರುವ ನಲ್ಲಿ ಸಾಕು. ಅದರ ಎದುರು ನಿಂತು, ದಪ್ಪ ರಟ್ಟಿನ ಪುಸ್ತಕವೊಂದನ್ನು ಕಿವಿಯ ಹಿಂದೆ ಹಿಡಿದು ಮೆಲ್ಲನೆ ಹತ್ತಿರಕ್ಕೆ ತನ್ನಿರಿ. ಪುಸ್ತಕವು ಕಿವಿಯಿಂದ ೧೭ ಸೆಂಟಿಮೀಟರ್ ದೂರದಲ್ಲಿದ್ದಾಗ, ಅದಕ್ಕೆ ತಗುಲಿ ಹಿಂದಿರುಗುವ ಶಬ್ದ ೩೪ ಸೆಂಟಿಮೀಟರ್ ಹೆಚ್ಚು ಸಾಗಿರುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು ೩೪೦ ಮೀಟರ್ ಆದುದರಿಂದ ಅಂತರವು ಸರಿಯಾಗಿ ಸಾವಿರದ ಒಂದು ಪಾಲು! ಪುಸ್ತಕ ಹತ್ತಿರ ಬಂದಂತೆ ಸದ್ದಿನ ಬಣ್ಣ ಮೇಲೇರುವುದನ್ನು ಕೇಳುವಿರಿ. ಮೇಲೆ ಹಾರುವ ವಿಮಾನದ ಸದ್ದೂ ಹೀಗೆಯೇ: ನೇರವಾಗಿ ಬಂದ ಶಬ್ದವೂ ನೆಲಕ್ಕೆ ತಗುಲಿ ಬಂದ ಶಬ್ದವೂ ನಿಮ್ಮ ಕಿವಿಯಲ್ಲಿ ಕೂಡುತ್ತವೆ.

ಇನ್ನು ನೀರಿನಡಿಯ ದನಿ. ಇದಕ್ಕೆ ಬಳಸಿದ ಸಾಧನಗಳಲ್ಲಿ ಒಂದು ‘ಲೆಸ್ಲಿ’ ಧ್ವನಿವರ್ಧಕ. ಇದರಲ್ಲಿ ಶಬ್ದವು ಹೊರಬೀಳುವ ಕಹಳೆಯೇ ಗಿರಗಿರನೆ ತಿರುಗುತ್ತದೆ. ಕಹಳೆಯ ಬಾಯಿ ೨೦ ಸೆಂಟಿಮೀಟರ್ ತ್ರಿಜ್ಯದಲ್ಲಿ ಸೆಕೆಂಡಿಗೆ ಆರು ಸುತ್ತು ಹಾಕುತ್ತದೆಯೆಂದಿಟ್ಟುಕೊಂಡರೆ, ಅದರ ವೇಗ ಸುಮಾರು ೭.೫ ಮೀಟರ್. ಡಾಪ್ಲರ್ ಸೂತ್ರದಂತೆ, ೪೪೦ ಕಂಪನಗಳ ಸ್ವರವು ಕಹಳೆ ನಮ್ಮತ್ತ ಬರುವಾಗ ೪೫೦ಕ್ಕೆ ಏರಿ, ದೂರ ಸರಿಯುವಾಗ ೪೩೦ಕ್ಕೆ ಇಳಿಯುತ್ತದೆ. ರೈಲಿನ ಸಿಳ್ಳು ಹತ್ತಿರ ಬರುವಾಗ ಏರಿ, ದಾಟಿಹೋದೊಡನೆ ಇಳಿಯುವುದನ್ನು ಕೇಳಿದವರಿಗೆ ಇದು ಹೊಸದಲ್ಲ. ೧೯೬೬ರ ‘ರಿವಾಲ್ವರ್’ ಎಂಬ ಬೀಟಲ್ಸ್ ಸಂಪುಟದ ಕೊನೆಯ ಹಾಡಿನಲ್ಲಿ ಲೆನನ್ನನ ದನಿಯನ್ನು ಹೀಗೆ ತಿರುಗಿಸಲಾಗಿದೆ.

ಅದೇ ಹಾಡಿನ ಹಿನ್ನೆಲೆಯಲ್ಲಿ ಮೊಳಗುವುದು ನಮ್ಮ ತಂಬೂರಿ. ತಂತಿಯನ್ನು ಮೀಟಿದ ಬಿಂದುವಿನಲ್ಲಿ ಯಾವ ಮೇಲ್ಸ್ವರದ ನಿಶ್ಚಲ ಸ್ಥಾನವಿದೆಯೋ ಆ ಮೇಲ್ಸ್ವರವು ಕೇಳಬಾರದೆಂಬುದು ಹಳೆಯ ನಿಯಮ. ತಂಬೂರಿಯಲ್ಲಿ ಅದು ಸ್ಪಷ್ಟವಾಗಿ ಕೇಳುತ್ತದೆ. ಇದಕ್ಕೆ ಬಾಗಿದ ಕುದುರೆಯೂ ಅದರ ಮೇಲೆ ತಂತಿಯ ಕೆಳಗೆ ಸೇರಿಸುವ ನೂಲೂ ಕಾರಣವೆಂದು ೧೯೨೧ರಲ್ಲಿಯೇ ತೋರಿಸಿದವರು ಸರ್ ಸಿ. ವಿ. ರಾಮನ್. ಲಂಡನ್ನಿನ ಯುವಕರನ್ನು ಸೆಳೆದ ಆ ಝೇಂಕಾರದ ಮರ್ಮವನ್ನು ಅವರಿಗಿಂತ ನಾಲ್ಕು ದಶಕ ಮೊದಲೇ ಭಾರತದಲ್ಲಿ ಅಳೆದಾಗಿತ್ತು.

ಅರವತ್ತರ ದಶಕದಲ್ಲಿ ಇಂಥ ಪ್ರಯೋಗ ನಡೆಸಲು ದೊಡ್ಡ ಕಂಪನಿಯ ಮುದ್ರಣಾಲಯ ಬೇಕಿತ್ತು. ೧೯೭೯ರಲ್ಲಿ ಕ್ಯಾಸೆಟ್ಟಿನ ಮೇಲೆ ನಾಲ್ಕು ಪಥಗಳಲ್ಲಿ ಮುದ್ರಿಸುವ ಪುಟ್ಟ ಯಂತ್ರ ಬಂದ ಮೇಲೆ ಮನೆಯ ಕೋಣೆಯೇ ಮುದ್ರಣಾಲಯವಾಯಿತು. ದೊಡ್ಡ ಕಂಪನಿಗಳ ಹಂಗಿಲ್ಲದ ಇಂಥ ಸ್ವತಂತ್ರ ತಂಡಗಳಿಗೆ ‘ಇಂಡೀ’ ಎನ್ನುತ್ತಾರೆ. ಅಮೆರಿಕದ ಲೂಸಿಯಾನ ಸಂಸ್ಥಾನದ ರಸ್ಟನ್ ಎಂಬ ಊರಿನ ಗೆಳೆಯರು ಕೂಡಿ ಕಟ್ಟಿದ ‘ಎಲಿಫೆಂಟ್ ಸಿಕ್ಸ್’ ಬಳಗವು ೧೯೯೦ರ ದಶಕದಲ್ಲಿ ಹಳೆಯ ನಾದವನ್ನು ಹೀಗೆ ಹೊಸದಾಗಿ ಬೆಳೆಸಿತು. ಈ ಬಳಗದ ‘ದಿ ಆಪಲ್ಸ್ ಇನ್ ಸ್ಟೀರಿಯೊ’ ತಂಡದ ನಾಯಕ ರಾಬರ್ಟ್ ಶ್ನೈಡರನು ೨೦೦೭ರಲ್ಲಿ ಲಾಗರಿತಮ್ಮುಗಳಿಂದ ಒಂದು ಹೊಸ ಸ್ವರಶ್ರೇಣಿಯನ್ನೇ ರಚಿಸಿ ತನ್ನ ಸಂಪುಟದಲ್ಲಿ ಬಳಸಿದನು. ಮುಂದೆ ಎಮರಿ ವಿಶ್ವವಿದ್ಯಾನಿಲಯದಲ್ಲಿ ಸಂಖ್ಯೆಗಳ ವಿಭಜನೆಯನ್ನು ಅಭ್ಯಸಿಸಿ, ೨೦೧೮ರಲ್ಲಿ ಗಣಿತದ ಡಾಕ್ಟರೇಟ್ ಪಡೆದನು. ನಾಲ್ಕನ್ನು ಐದು ಬಗೆಯಲ್ಲಿ ಒಡೆಯಬಹುದೆಂಬಂತಹ ಲೆಕ್ಕ ಅದು. ನಮ್ಮ ರಾಮಾನುಜನ್ನರಿಗೆ ಪ್ರಿಯವಾಗಿದ್ದ ಕ್ಷೇತ್ರ. ಅಮಲಿನ ತಲೆಗೆ ಎಟಕುವ ವಿದ್ಯೆ ಅದಲ್ಲವಷ್ಟೆ!

ಟೇಮ್ ಇಂಪಾಲಾದ ಕೆವಿನ್ ಪಾರ್ಕರನೂ ೨೦೧೦ರ ‘ಇನ್ನರ್‌ಸ್ಪೀಕರ್’, ೨೦೧೨ರ ‘ಲೋನರಿಸಂ’ ಸಂಪುಟಗಳ ಬಹುಪಾಲು ವಾದ್ಯಗಳನ್ನು ತಾನೊಬ್ಬನೇ ನುಡಿಸಿ ಮುದ್ರಿಸಿಕೊಂಡನು. ಇಂಗ್ಲೆಂಡಿನ ಕೆಟರಿಂಗ್ ಊರಿನ ‘ಟೆಂಪಲ್ಸ್’ ತಂಡ ತನ್ನ ಮೊದಲ ಸಂಪುಟವನ್ನು ೨೦೧೪ರಲ್ಲಿ ಹೊರತಂದಿತು. ಹೊಸಬರನ್ನು ಪರಿಚಯ ಮಾಡಿಕೊಳ್ಳಬೇಕೆನ್ನುವವರು ಮೊದಲು ‘ರಿವಾಲ್ವರ್’ ಕೇಳಿ, ಅನಂತರ ಇವನ್ನು ಕೇಳಲಿ. ಇಲ್ಲಿ ಬಾಚಣಿಗೆ ಸರಿಯಿತು, ಇಲ್ಲಿ ಕಹಳೆ ತಿರುಗಿತು ಎಂದು ಗುರುತಿಸುತ್ತ ಹೋದರೆ, ಯಾವ ತಂಡ ಬರಿಯ ಅನುಕರಣೆ ಮಾಡಿದೆ, ಯಾವುದು ಹೊಸತನ್ನು ಸೇರಿಸಿದೆ ಎಂಬ ವಿವೇಚನೆ ತಾನಾಗಿ ಮೂಡುತ್ತದೆ.

ಮುಂದಿನ ವಾರ ಆ ವಿದ್ಯಾರ್ಥಿಯನ್ನು ಕರೆದು ಕಪ್ಪುಹಲಗೆಯ ಮೇಲೆ ಇಷ್ಟನ್ನೂ ಬರೆದು ತೋರಿಸಿದೆ. ಅವನು ಕಂಪ್ಯೂಟರಿನಲ್ಲಿ ತನ್ನದೇ ದನಿಯ ಪ್ರತಿಯೊಂದನ್ನು ಸಾವಿರದ ಒಂದು ಪಾಲು ಹಿಂದಕ್ಕೆ ಸರಿಸಿ ಬೆರೆಸಿ ತಂದನು. ೫೦೦ರ ಬಳಿ ನಕ್ಷೆ ತಗ್ಗಿತ್ತು. “ಹಾಸ್ಟೆಲಿನಲ್ಲಿ ಎಲ್ಲರಿಗೂ ತೋರಿಸಿದೆ ಸಾರ್” ಎಂದನು. ಒಬ್ಬ ಅಧ್ಯಾಪಕನಿಗೆ ಅದಕ್ಕಿಂತ ಹೆಚ್ಚಿನ ಸಂತೋಷ ಬೇಕೆ?