ಹೈಫಾದ ಗುಡ್ಡ ಹತ್ತಿದ ಮೈಸೂರಿನ ಕುದುರೆಗಳು

ಸಿದ್ಧಕಟ್ಟೆಯಿಂದ ಮೂಡುಬಿದಿರೆಯ ಬಸ್ಸು ಹತ್ತಿ ಚೌಟರ ಅರಮನೆಗೆ ಹೋಗಿ, ಆ ಮರದ ಕಂಬವನ್ನೊಮ್ಮೆ ಹತ್ತಿರದಿಂದ ನೋಡಿ. ಐವರು ಹೆಂಗಳೆಯರು ಮೈ ಬಾಗಿಸಿ, ಕೈಕಾಲು ಹೆಣೆದು, ಎಲ್ಲರೂ ಸೇರಿ ಒಂದೇ ಒಂದು ಕುದುರೆಯಾಗಿಬಿಟ್ಟಿದ್ದಾರೆ! ಪಂಚನಾರೀತುರಗ. ಕೆಸರುಗದ್ದೆಯ ಈ ಸೀಮೆಗೆ ಕುದುರೆಯೆಂದರೆ ಹಡಗಿನಿಂದ ಇಳಿಯುವ ಸಿರಿ. ಅರಬರ ನಾಡಿನಿಂದ ಭಟ್ಕಳ, ಮಂಗಳೂರಿನಂಥ ಬಂದರುಗಳಿಗೆ ಬಂದ ಕುದುರೆಗಳು ಘಟ್ಟ ಹತ್ತಿ ರಾಜರ ಲಾಯ ಸೇರುತ್ತಿದ್ದವು.

ಆ ಹಾದಿ ಒಮ್ಮೆ ತಿರುವುಮುರುವಾಯಿತು! 1914ರ ಅಕ್ಟೋಬರಿನಲ್ಲಿ ಬೆಂಗಳೂರಿನಿಂದ ಇಡೀ ಒಂದು ಕುದುರೆ ದಂಡು, ಮೈಸೂರು ಲ್ಯಾನ್ಸರ್ಸ್, ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಪರ ಕಾದಲು ಕಡಲು ದಾಟಿ ಈಜಿಪ್ಟಿಗೆ ಹೊರಟಿತು. ರೆಜಿಮೆಂಟಿನ ನಾಯಕ ಬಿ. ಚಾಮರಾಜ ಅರಸು. ಜೊತೆಗೆ ಹೋದವರು ಮೈಸೂರು ಸೈನ್ಯದ ಮುಖ್ಯಾಧಿಕಾರಿ ಕರ್ನಲ್ ಜೆ. ದೇಸರಾಜ ಅರಸು. ಸಾಮಾನ್ಯ ಸಿಪಾಯಿಯಲ್ಲ, ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಒಡಹುಟ್ಟಿದ ಕೃಷ್ಣಾಜಮ್ಮಣ್ಣಿಯವರನ್ನು ಕೈಹಿಡಿದ ಅರಮನೆಯ ಅಳಿಯ!

ಅದೇ ಯುದ್ಧದಲ್ಲಿ, ದೂರದ ಉತ್ತರದಲ್ಲಿ ಇನ್ನೊಬ್ಬ ಅರಸುಕುಲದವನು ಕುದುರೆಯೇರಿದ್ದ. ಅಜೆರ್ಬೈಜಾನಿನ ನಖಿಚೆವಾನ್ ಖಾನರ ವಂಶದ ಹುಸೇನ್ ಖಾನ್, ರಷ್ಯದ ಜಾರ್ ದೊರೆಯ ಅಶ್ವದಳದ ಜನರಲ್! 1914ರ ಆಗಸ್ಟಿನಲ್ಲಿ ಪೂರ್ವ ಪ್ರಷ್ಯದಲ್ಲಿ ಜರ್ಮನರ ಮೇಲೆ ದಂಡು ನಡೆಸಿದ್ದ. ಕಡೆಗೆ ಬೋಲ್ಶೆವಿಕರ ಸೆರೆಗೆ ಬಿದ್ದ. ಖಾನನೂ ನಮ್ಮ ದೇಸರಾಜ ಅರಸರೂ ಕಾದಿದ್ದು ಪರರ ಚಕ್ರಾಧಿಪತ್ಯಕ್ಕಾಗಿ. ಇಬ್ಬರಲ್ಲಿ ಅರಸರಿಗೆ ಮಾತ್ರ ಮರಳಿ ಬರಲು ಒಂದು ಮೈಸೂರಿತ್ತು.

ಇನ್ನು ಹೈಫಾ, ತುರ್ಕರ ಕೈಯಲ್ಲಿದ್ದ ಪ್ಯಾಲೆಸ್ತೀನಿನ ಬಂದರು! 1918ರ ಸೆಪ್ಟೆಂಬರ್ 23. ಒಂದು ಕಡೆ ಕಾರ್ಮೆಲ್ ಗುಡ್ಡ, ಇನ್ನೊಂದು ಕಡೆ ಕಿಶೋನ್ ಹೊಳೆ. ಹೊಳೆಯ ದಡ ಕುದುರೆಯ ಕಾಲನ್ನೇ ನುಂಗುವ ಹುದುಲು. ನಡುವಿನ ಇಕ್ಕಟ್ಟಿನ ದಾರಿಯ ಮೇಲೆ ತುರ್ಕರ ತೋಪು, ಮೆಷಿನ್‌ಗನ್ನು. ಇಲ್ಲಿಗೆ ಈಟಿ ಹಿಡಿದು ಕುದುರೆ ನುಗ್ಗಿಸುವುದೇ? ನುಗ್ಗಿಸಿದರು! ಮೈಸೂರಿನ ಒಂದು ಸ್ಕ್ವಾಡ್ರನ್ ಕಡಿದಾದ ಜಾಡು ಹಿಡಿದು ಗುಡ್ಡ ಹತ್ತಿತು. ಕುದುರೆಗಳು ಏದುಸಿರು ಬಿಟ್ಟು ಒಂದೊಂದಾಗಿ ಹಿಂದೆ ಉಳಿದವು. ಮೇಲೆ ತಲುಪುವಾಗ ಕುದುರೆ ಏರಿ ನುಗ್ಗಲು ಮಿಕ್ಕವರು ಬೆರಳೆಣಿಕೆಯಷ್ಟು ಜನ. ಅಷ್ಟೇ ಮಂದಿ ತೋಪುಗಳ ಮೇಲೆ ಬಿದ್ದು ಅವುಗಳ ಬಾಯಿ ಮುಚ್ಚಿಸಿದರು! ಕೆಳಗೆ ಅದೇ ಬ್ರಿಗೇಡಿನ ಜೋಧಪುರ ಲ್ಯಾನ್ಸರ್ಸ್‌ನವರು ಬಯಲಿನಲ್ಲಿ ಧಾವಿಸಿದರು. ಅವರ ಮೇಜರ್ ದಲಪತ್ ಸಿಂಗ್ ಮಡಿದ. ಮಧ್ಯಾಹ್ನ ಕಳೆಯುವಷ್ಟರಲ್ಲಿ ಊರು ಕೈವಶ. 1,350ಕ್ಕೂ ಹೆಚ್ಚು ಸೆರೆಯಾಳುಗಳು, 17 ತೋಪುಗಳು. ಬ್ರಿಗೇಡಿನಲ್ಲಿ ಸತ್ತವರು ಎಂಟೇ ಜನ, ಸತ್ತ ಕುದುರೆಗಳು 60. ಗೆಲುವಿನ ಬೆಲೆ ತೆತ್ತದ್ದು ಯಾರೆಂದು ಬೇರೆ ಹೇಳಬೇಕೇ?

ಅಲ್ಲಿಗೂ ನಿಲ್ಲಲಿಲ್ಲ, ನೋಡಿ! ಅಕ್ಟೋಬರ್ 26ರಂದು ಸಿರಿಯಾದ ಅಲೆಪ್ಪೊದಾಚೆ, ಹರಿತಾನ್ ಎಂಬ ಹಳ್ಳಿಯ ಬಳಿ ಮತ್ತೆ ಈಟಿ ಚಾಚಿ ನುಗ್ಗಿದರು. ನಾಲ್ಕೇ ದಿನಕ್ಕೆ ತುರ್ಕರು ಕದನವಿರಾಮಕ್ಕೆ ಸಹಿ ಹಾಕಿದರು. ನಮ್ಮವರು ಊರಿಗೆ ಮರಳಿದ್ದು 1920ರಲ್ಲಿ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮಡಿದವರ ಕಲ್ಲಿನ ಸ್ಮಾರಕವಿದೆ. ದಿಲ್ಲಿಯ ತೀನ್ ಮೂರ್ತಿ ವೃತ್ತದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. 2018ರಲ್ಲಿ ಆ ವೃತ್ತದ ಹೆಸರಿಗೆ ಹೈಫಾ ಕೂಡ ಸೇರಿತು.

ಇಷ್ಟೆಲ್ಲ ತಿಳಿದ ಮೇಲೆ ದೇಸರಾಜ ಅರಸರ ಸಂಸಾರ ಏನಾಯಿತೆಂಬ ಕುತೂಹಲ ಹುಟ್ಟದೆ ಇರುತ್ತದೆಯೇ? ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಕಟ್ಟಿಸಿದ ಕಾರಂಜಿ ಮಹಲು ಮೈಸೂರಿನಲ್ಲಿ ಈಗ ಅಂಚೆ ನೌಕರರ ತರಬೇತಿ ಕೇಂದ್ರ. ಆದರೆ ಈ ಸೇನಾನಿಯ ಮನೆಯನ್ನು ಕ್ಷಯ ಬಿಡಲಿಲ್ಲ, ರಾಜಕುಮಾರಿಯನ್ನೇ ಕೊಂಡೊಯ್ದಿತು. ಅವರ ನೆನಪಿಗೆ 1921ರಲ್ಲಿ ಆರಂಭವಾದ ಕ್ಷಯರೋಗದ ಆಸ್ಪತ್ರೆಯೇ ಮೈಸೂರಿನವರು ಇಂದಿಗೂ ಪಿ.ಕೆ. ಸ್ಯಾನಿಟೋರಿಯಂ ಎನ್ನುವ ಆಸ್ಪತ್ರೆ.